ಹೋಲಿಕೆಗೆ ಸಿಗದ ನುಡಿ

“ಈ ಹೆಸರು ನೀವು ಬರದದ್ದೋ, ತಾನಾಗೇ ಬಂದು ಕುಂತದ್ದೋ?”

ಗುರುದೇವಿ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು ಕೇಳಿದಳು. ಅಲ್ಲಿ ತೆರೆದಿದ್ದ ಹಳೆಯ ಕಡತದ ‘ಲೇಖಕರ ಹೆಸರು’ ಎಂಬ ಖಾನೆಯಲ್ಲಿ ‘ಚೇತನಕುಮಾರ’ ಎಂದಿತ್ತು. ಸುರಪುರ ಬಸ್ ನಿಲ್ದಾಣದ ಎದುರಿಗಿನ ಆ ಝೆರಾಕ್ಸ್ ಅಂಗಡಿಯ ಮುನಾವರ ಒಮ್ಮೆ ಪರದೆಯನ್ನು, ಒಮ್ಮೆ ಅವಳ ಮುಖವನ್ನು ನೋಡಿ ತಲೆ ತುರಿಸಿಕೊಂಡ.

“ನಾ ಬರದಿಲ್ರಿ ಮೇಡಂ. ಅಲ್ಲಾ ಕಸಮ್.”

“ಮತ್ತ ಯಾರು ಬರದ್ರು? ಈ ಕುರ್ಚಿ ಮ್ಯಾಲ ನಿಮ್ಮನ್ನ ಬಿಟ್ಟು ಇನ್ನೊಬ್ಬರು ಕುಂದ್ರಂಗಿಲ್ಲಂತ ಈಗಷ್ಟ ಹೇಳಿದ್ರಿ.”

ಮುನಾವರ ಬಗ್ಗಿ ಆ ಖಾನೆಯನ್ನು ಮತ್ತೊಮ್ಮೆ ಓದಿಕೊಂಡ.

ಗುರುದೇವಿ ಯಾದಗಿರಿಯ ಸ್ನಾತಕೋತ್ತರ ಕೇಂದ್ರವೊಂದರ ಗ್ರಂಥಪಾಲಕಿ. ಅಲ್ಲಿನ ಎಂ.ಎ. ವಿದ್ಯಾರ್ಥಿನಿ ಸಂಘಮಿತ್ರಾಳ ಕಿರುಪ್ರಬಂಧದ ಮುಖ್ಯ ಅಧ್ಯಾಯವು ಸಗರದ ಚೇತನಕುಮಾರನ ಹೆಸರಿನಲ್ಲಿದ್ದ ಹಳೆಯ ಕಡತದ ನಕಲು ಎಂದು ಬರಹಗಳನ್ನು ಹೋಲಿಸಿ ನೋಡುವ ತಂತ್ರಾಂಶ ಹೇಳಿತ್ತು. ನಾಳೆ ಸಮಿತಿ ಕೂಡಿ ಹುಡುಗಿಯ ನೋಂದಣಿ ರದ್ದು ಮಾಡುವುದರೊಳಗೆ ನಿಜ ಹುಡುಕುವ ಹೊಣೆ ಗುರುದೇವಿಯ ಹೆಗಲಿಗೆ ಬಿದ್ದಿತ್ತು. ಸಂಘಮಿತ್ರಾ ತನ್ನ ಮೊದಲ ಕರಡನ್ನು ಚೆಕ್ ಮಾಡಿಸಿದ್ದು ಈ ಅಂಗಡಿಯಲ್ಲೇ ಎಂದು ತಿಳಿದು ಅವಳು ಇಲ್ಲಿಗೆ ಬಂದಿದ್ದಳು.

ಚೇತನಕುಮಾರನೋ, ಅಂಥದ್ದನ್ನು ತಾನು ಬರೆದೇ ಇಲ್ಲ, ಅದರಲ್ಲಿದ್ದ ಸತ್ತವರ ಹಾಡೆಂದರೆ ತನಗೆ ಹೆದರಿಕೆ ಎಂದು ಕಣ್ಣೀರು ಹಾಕಿದ್ದ. ಇಬ್ಬರೂ ಸೇರಿ ಆಡಿದ ಆಟವಿದು ಎಂದು ಸಮಿತಿಯವರು ನಕ್ಕಿದ್ದರು. ಸಮಿತಿಯವರಿಗೇನು, ಹೋಲಿಕೆ ನೂರಕ್ಕೆ ಅರವತ್ತೆಂಟು ಎಂಬ ಅಂಕಿ ಕಂಡಿತು, ಅಷ್ಟು ಸಾಕಾಯಿತು. ಆ ಅಧ್ಯಾಯದಲ್ಲಿ ಏನಿದೆ ಎಂದು ಓದುವ ತೊಂದರೆಯನ್ನು ಅವರಲ್ಲಿ ಒಬ್ಬರೂ ತೆಗೆದುಕೊಂಡಿರಲಿಲ್ಲ.

“ನನ್ನ ಕಣ್ಣೆದುರಿಗೆ ಒಂದು ಹೊಸ ಕಡತ ಹಾಕಿ ತೋರಿಸ್ರಿ,” ಎಂದಳು ಗುರುದೇವಿ.

ಮುನಾವರ ಹೊಸ ಪುಟ ತೆರೆದ. ಅವನು ಕೀಲಿಮಣೆಯ ಮೇಲೆ ಬೆರಳಿಡುವುದಕ್ಕೆ ಮೊದಲೇ ಹೆಸರಿನ ಖಾನೆಯಲ್ಲಿ ‘ಮಲ್ಲು’ ಎಂಬ ಅಕ್ಷರಗಳು ಬಂದು ನಿಂತಿದ್ದವು.

“ಮಲ್ಲು ಯಾರು?”

“ಮುಂಜಾನಿ ಬಂದಿದ್ದ ಹುಡುಗರಿ. ಬಿ.ಎ. ಅಸೈನ್ಮೆಂಟ್ ಚೆಕ್ ಮಾಡಿಸ್ಕೊಂಡು ಹೋದ.” ಹೇಳುತ್ತ ಹೇಳುತ್ತ ಮುನಾವರನಿಗೇ ಅರ್ಥವಾಯಿತು. “ಯಾ ಅಲ್ಲಾ! ಇದು ಹಿಂದಿನ ಗಿರಾಕಿ ಹೆಸರು ಹಿಡಕೊಂಡು ಕುಂದರ್ತದೇನ್ರಿ?”

“ನೀವು ಅಳಿಸಿ ಬ್ಯಾರೇದು ಬರಿಯೋ ತನಕ ಬಿಡಂಗಿಲ್ಲ. ಅವತ್ತ ಸಂಘಮಿತ್ರಾಗಿಂತ ಮೊದಲ ಯಾರು ಬಂದಿದ್ರು, ನೋಡ್ರಿ.”

ನೋಡಿದರೆ ಚೇತನಕುಮಾರ. ಕಾಲೇಜಿನ ಸಣ್ಣದೊಂದು ಸೆಮಿನಾರ್ ಲೇಖನ ತಂದಿದ್ದ. ಅವನ ಕೆಲಸ ಮುಗಿಯಿತು, ಅವನು ಎದ್ದು ಹೋದ, ಅವನ ಹೆಸರು ಮಾತ್ರ ಖಾನೆಯಲ್ಲಿ ಉಳಿಯಿತು.

“ಯಾರ ಹೆಸರಿದ್ರೇನ್ರಿ, ಪರ್ಸೆಂಟ್ ಬಂದ್ರ ಹುಡುಗರಿಗೆ ಸಾಕಲ್ಲ ಅಂತ ನಾ ಅದನ್ನ ನೋಡ್ತಾನ ಇರಲಿಲ್ಲ,” ಎಂದ ಮುನಾವರ.

“ಅದರ ಕೆಳಗ ಈ ಟಿಕ್ ಏನು?”

ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಈ ಕಡತವನ್ನು ಭಂಡಾರದಲ್ಲಿ ಉಳಿಸಿಕೊಳ್ಳಬೇಕೆ? ಪಕ್ಕದ ಚೌಕದಲ್ಲಿ ಹೌದೆಂಬ ಗುರುತು ಮೊದಲೇ ಬಿದ್ದಿತ್ತು.

“ಅದನ್ನ ನಾ ಮುಟ್ಟೇ ಇಲ್ರಿ. ಇದ್ದಂಗ ಬಿಟ್ಟೀನಿ.”

ಗುರುದೇವಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಯಾದಗಿರಿಯಲ್ಲಿ ಹೊಸದಾಗಿ ಸೇರಿದ ಹುಡುಗರಿಗೆಲ್ಲ ಅವಳು ಬಾಯಿ ನೋಯುವ ಹಾಗೆ ಹೇಳುತ್ತಿದ್ದಳು. ಕರಡನ್ನು ಪರೀಕ್ಷಿಸುವಾಗ ಆ ಗುರುತು ತೆಗೆಯಿರಿ. ಹೋಲಿಕೆ ತೋರಿಸುವ ಕೆಂಪು ಬಣ್ಣ ಕಂಡೊಡನೆ ಕಂಗಾಲಾಗಬೇಡಿ. ಇದು ಅದರ ಹಾಗಿದೆ ಎಂದಷ್ಟೇ ಯಂತ್ರ ಹೇಳುತ್ತದೆ; ಕದ್ದದ್ದೋ ಅಲ್ಲವೋ ಎಂಬುದನ್ನು ಮನುಷ್ಯರು ಕೂತು ಓದಿಯೇ ಹೇಳಬೇಕು. ಹುಡುಗರು ತಲೆಯಾಡಿಸುತ್ತಿದ್ದರು. ಆದರೆ ಊರಿಗೆ ಬಂದು ಕರಡಿನ ಗಡಿಬಿಡಿಗೆ ಬಿದ್ದಾಗ ಅವರಿಗೆ ಹತ್ತಿರದಲ್ಲಿ ಸಿಗುವವನು ಮುನಾವರನೇ.

“ಭಂಡಾರದಾಗ ಉಳದದ್ದು ಅಲ್ಲೇ ಇರ್ತದ,” ಎಂದಳು. “ಅದೇ ಹುಡುಗಿ ಮುಂದ ತನ್ನ ಪ್ರಬಂಧ ತಂದು ಕೇಂದ್ರಕ್ಕ ಕೊಟ್ಟಾಗ ಯಂತ್ರ ಹಳೇದನ್ನ ತೆಗದು ತೋರಿಸ್ತು. ಹೆಸರು ಬ್ಯಾರೆ, ಕಾಲೇಜು ಬ್ಯಾರೆ. ತನ್ನ ಬರಹಕ್ಕ ತಾನಾ ಕಳ್ಳಿ ಆದ್ಲು ನೋಡ್ರಿ.”

ಮುನಾವರನ ಮುಖ ಕಪ್ಪಿಟ್ಟಿತು. ಅವನು ಕೆಟ್ಟವನಲ್ಲ. ಹಳ್ಳಿಯ ಹುಡುಗರು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ತಂದದ್ದನ್ನು ಯಂತ್ರ ಓದುವ ಹಾಗೆ ಬದಲಾಯಿಸಿ ಕೊಡುತ್ತಿದ್ದ. ಬೇರೆಯವರ ಮಾತಿಗೆ ಉದ್ಧರಣ ಚಿಹ್ನೆ ಹಾಕಿ, ಪುಸ್ತಕದ ಹೆಸರು ಬರೆಯಿರಿ ಎಂದು ತಿಳಿಹೇಳುತ್ತಿದ್ದ. ಶಹಾಪುರದ ಖಾಸಗಿ ಕಾಲೇಜಿನ ಮೇಷ್ಟ್ರೊಬ್ಬರು ಸ್ನೇಹಕ್ಕೆ ಕೊಟ್ಟ ಲಾಗಿನ್ನಿನಲ್ಲಿ ಇಷ್ಟೆಲ್ಲ ನಡೆಯುತ್ತಿತ್ತು. ಹೀಗಾಗಿ ಅಂಗಡಿಗೆ ಬಂದ ಪ್ರತಿ ಕಡತವೂ ಆ ಕಾಲೇಜಿನದೇ ಆಗಿ ಭಂಡಾರ ಸೇರಿತ್ತು.

“ಹುಡುಗರಿಗೆ ಮದತ್ ಮಾಡಾಕತ್ತೀನಿ ಅಂತ ತಿಳ್ಕೊಂಡಿದ್ದೆ ಮೇಡಂ,” ಎಂದ. “ಇನ್ನ ಎಷ್ಟ ಮಂದಿದು ಹಿಂಗ ಆಗೇದೋ ಏನೋ.”

ಬೈಯಬೇಕೆಂದು ಬಂದಿದ್ದ ಗುರುದೇವಿಗೆ ಬೈಗುಳ ನಾಲಿಗೆಗೆ ಬರಲಿಲ್ಲ.

“ಆ ಕಡತ ಸಂಘಮಿತ್ರಾನ ಕಳಿಸಿದ್ದು ಅಂತ ರುಜುವಾತು ಬೇಕಲ್ಲ?”

“ಅದಕ್ಕೇನ್ರಿ, ಐತಿ!” ಮುನಾವರ ವಾಟ್ಸಾಪ್ ತೆಗೆದು, ಬಹಳ ಹಿಂದಕ್ಕೆ ಸರಿಸಿ ಸರಿಸಿ ತೋರಿಸಿದ. ಸಂಘಮಿತ್ರಾಳ ನಂಬರಿನಿಂದ ಬಂದ ಕಡತ, ಅದರ ಕೆಳಗೆ ಒಂದು ಸಾಲು: ‘ಅಣ್ಣಾ, ಇದೊಂದು ಚೆಕ್ ಮಾಡಿ ಕೊಡ್ರಿ, ಅಂಜಿಕಿ ಆಗಾಕತ್ತದ.’

ಗುರುದೇವಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಳ್ಳತನವೂ ಇಲ್ಲ, ಕಳ್ಳನೂ ಇಲ್ಲ. ನಾಳೆ ಸಮಿತಿಯ ಮುಂದೆ ಈ ಎರಡು ಕಾಗದ ಇಟ್ಟರೆ ಹುಡುಗಿಯೂ ಪಾರು, ಪಾಪದ ಚೇತನಕುಮಾರನೂ ಪಾರು.

“ಇದನ್ನೂ, ಆ ಹಳೇ ಕಡತಾನೂ ಪೂರ್ತಿ ಪ್ರಿಂಟ್ ತೆಗೀರಿ. ಈಗಾ ದೇವಾಪುರಕ್ಕ ಹೋಗಿ ಹುಡುಗಿಗೆ ಹೇಳಿಬರ್ತೀನಿ.”

“ನಂದೂ ಒಂದು ಸಲಾಮ್ ಹೇಳ್ರಿ. ತಪ್ಪಾತಂತ ಹೇಳ್ರಿ,” ಎಂದ ಮುನಾವರ ಕಾಗದ ಮಡಚುತ್ತ. “ತಾಯಿ ಹೋದ ಮ್ಯಾಲ ಆ ಹುಡುಗಿ ಈ ಕಡಿಗೆ ಬಂದೇ ಇಲ್ರಿ.”

*

ದೇವಾಪುರದ ಟಂಟಂ ಆಟೊ ಮಂದಿ ತುಂಬುವ ತನಕ ಹೊರಡುವುದಿಲ್ಲ. ಗುರುದೇವಿ ಮೂಲೆಯ ಸೀಟು ಹಿಡಿದು, ಒಂದು ತೊಡೆಯ ಮೇಲೆ ಸಂಘಮಿತ್ರಾಳ ಪ್ರಬಂಧ, ಇನ್ನೊಂದರ ಮೇಲೆ ಹಳೆಯ ಕಡತ ಇಟ್ಟುಕೊಂಡು ಕೂತಳು.

ಪ್ರಬಂಧದ ವಿಷಯ ಶೋಕದ ಹಾಡುಗಳು. ಈ ಸೀಮೆಯಲ್ಲಿ ಯಾರಾದರೂ ತೀರಿಕೊಂಡರೆ ಹೆಂಗಸರು ಹೆಣದ ಸುತ್ತ ಕೂತು ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ, ಪಟ್ಟ ಪಾಡು, ಉಳಿದ ಆಸೆ ಎಲ್ಲವೂ ಆ ಅಳುವಿನಲ್ಲಿ ನುಡಿ ನುಡಿಯಾಗಿ ಬರುತ್ತವೆ. ಇದ್ದವರ ಮೇಲಿನ ದೂರು ಕೂಡ ಬರುತ್ತದೆ. ಹೆಣದ ಮುಂದೆ ಹಾಡಿ ಅತ್ತ ಮಾತಿಗೆ ಯಾರೂ ಎದುರು ಹೇಳುವಂತಿಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ.

ಸಂಘಮಿತ್ರಾಳ ತಾಯಿ ಮಾನಮ್ಮ ಹಾಗೆ ಅಳುವುದರಲ್ಲಿ ಹೆಸರಾದವಳು. ಸುತ್ತಿನ ಊರುಗಳಲ್ಲಿ ಸಾವಾದರೆ ಅವಳಿಗೆ ಕರೆ ಬರುತ್ತಿತ್ತು. ಹೋದ ವರ್ಷ ದೀಪಾವಳಿ ಆದ ಮೇಲೆ, ಬಟ್ಟೆ ಒಗೆಯಲು ಹೋಗಿ ಕಾಲುವೆಯಲ್ಲಿ ಕಾಲು ಜಾರಿ ಬಿದ್ದು ಅವಳೇ ಹೋಗಿಬಿಟ್ಟಳು. ಅವಳ ಹೆಣದ ಮುಂದೆ ತಂಗಿ ಸಾಯಬಮ್ಮ ಹಾಡಿದ್ದು ಎಂಬ ಟಿಪ್ಪಣಿಯೊಡನೆ ಆ ಹಾಡು ಪ್ರಬಂಧದ ಮುಖ್ಯ ಅಧ್ಯಾಯದಲ್ಲಿತ್ತು.

*ಯಾರು ಕರದಾರಂತ ಎದ್ದು ಹೊಂಟಿ ಮಾನವ್ವಾ,*
*ಹಚ್ಚಿದ ಒಲಿ ಹಂಗ ಬಿಟ್ಟಿ, ನಾದಿದ ಹಿಟ್ಟು ಹಂಗ ಬಿಟ್ಟಿ,*
*ಮಗಳ ಜಡಿ ಅರ್ಧ ಹೆಣದು ಕೈ ಬಿಟ್ಟಿ ನನ್ನವ್ವಾ.*

ಎಷ್ಟು ಸಲ ಓದಿದರೂ ಗುರುದೇವಿ ಇಲ್ಲಿಗೆ ಬಂದು ನಿಂತುಬಿಡುತ್ತಿದ್ದಳು. ಇದನ್ನು ಅರವತ್ತೆಂಟರ ಲೆಕ್ಕಕ್ಕೆ ಇಳಿಸಿದವರ ಮೇಲೆ ಸಿಟ್ಟೂ ಬರುತ್ತಿತ್ತು. ಹಳೆಯ ಕಡತದಲ್ಲೂ ಇದೇ ಹಾಡು, ಇದೇ ಮಾನವ್ವ. ಇರಲೇಬೇಕಲ್ಲ, ಎರಡೂ ಅವಳದೇ.

ಟಂಟಂ ಊರು ದಾಟಿ ಹತ್ತಿ ಹೊಲಗಳ ನಡುವೆ ಬಂದಾಗ ಅವಳ ಕಣ್ಣು ವಾಟ್ಸಾಪಿನ ಕಾಗದದ ಮೇಲಿನ ತಾರೀಖಿಗೆ ಬಿತ್ತು.

ಹೋದ ವರ್ಷದ ದಸರಾ ರಜೆಯ ಹಿಂದಿನ ದಿನ.

ಅವಳು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಅಂಗಡಿಯ ಕಂಪ್ಯೂಟರಿನ ತಾರೀಖು ತಪ್ಪಿರಬಹುದೆಂದುಕೊಂಡು, ಚೀಲದಿಂದ ಸಮಿತಿಯ ವರದಿ ತೆಗೆದಳು. ಭಂಡಾರಕ್ಕೆ ಕಡತ ಸೇರಿದ ದಿನ ಅಲ್ಲಿಯೂ ಇತ್ತು. ಅದೂ ದಸರಾ ರಜೆಯ ಹಿಂದಿನ ದಿನವೇ. ಎಲ್ಲರೂ ಅದನ್ನು ನೋಡಿದ್ದರು, ಚೇತನಕುಮಾರನದು ಮೊದಲು, ಹುಡುಗಿಯದು ಆಮೇಲೆ ಎಂದು ತೋರಿಸಲು ಅದರ ಕೆಳಗೆ ಗೆರೆಯನ್ನೂ ಎಳೆದಿದ್ದರು.

ಮಾನಮ್ಮ ಸತ್ತದ್ದು ದೀಪಾವಳಿಯ ಮೇಲೆ. ಅವಳ ಸಾವಿಗೆ ಅತ್ತ ಹಾಡು ದಸರಾಕ್ಕೇ ಟೈಪಾಗಿ ಮುನಾವರನ ಅಂಗಡಿಗೆ ಬಂದಿತ್ತು.

ಆ ಹಾಡು ಹುಟ್ಟಿದಾಗ ಮಾನಮ್ಮ ಬದುಕಿದ್ದಳು.

*

ಸಂಘಮಿತ್ರಾ ಮನೆಯ ಮುಂದಿನ ಚಪ್ಪರದ ಕೆಳಗೆ ಕೂತು ಕೆಂಪು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಗುರುದೇವಿಯನ್ನು ಕಂಡು ಎದ್ದು ನಿಂತು ಕೈ ಮುಗಿದಳು. ಒಳಗೋಡೆಯ ಮೇಲೆ ಬುದ್ಧನ ಮತ್ತು ಬಾಬಾಸಾಹೇಬರ ಫೋಟೊ, ಅವುಗಳ ಪಕ್ಕದಲ್ಲಿ ಹೊಸದಾಗಿ ಸೇರಿದ ಮಾನಮ್ಮನ ಫೋಟೊ ಬಾಗಿಲಿನಿಂದಲೇ ಕಾಣುತ್ತಿದ್ದವು.

“ಬರ್ರಿ ಮೇಡಮ್ಮರ, ಕುಂದರ್ರಿ,” ಎನ್ನುತ್ತ ಅವಳ ತಂದೆ ಅಂಬ್ರಪ್ಪ ಹೊರಗೆ ಬಂದ. ಪಕ್ಕದ ಊರಿನ ಪ್ರಾಥಮಿಕ ಶಾಲೆಯ ಮಾಸ್ತರ. ಭಾನುವಾರವಾದರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. “ನಾಳೆ ಏನಾಗ್ತದ್ರಿ? ನನ್ನ ಮಗಳ ಮ್ಯಾಲಿನ ಆಪಾದನಿ ಹೋಗ್ತದಲ್ರಿ?”

“ಹೋಗ್ತದ್ರಿ ಮಾಸ್ತರ. ಅದನ್ನ ಹೇಳಾಕ ಬಂದೀನಿ.”

ಅಂಬ್ರಪ್ಪನ ಕಣ್ಣು ತುಂಬಿತು. ಅದನ್ನು ಮರೆಮಾಚಲು ಅವನು ಬೇಗ ಒಳಗೆ ತಿರುಗಿದ. “ಚಾ ಇಡ್ತೀನಿ. ಈಗ ನಾನಾ ಮಾಡೂದ್ರಿ, ಸಕ್ಕರಿ ಹೆಚ್ಚುಕಮ್ಮಿ ಆದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ.”

ಅವನು ಅಡುಗೆಮನೆ ಸೇರಿದ ಮೇಲೆ ಗುರುದೇವಿ ಖಾನೆಯ ಕತೆ, ಟಿಕ್ಕಿನ ಕತೆ ಎಲ್ಲ ಹೇಳಿದಳು. ಎರಡು ಕಾಗದಗಳನ್ನು ಹುಡುಗಿಯ ಮುಂದಿಟ್ಟಳು. ನಿರ್ದೋಷಿ ಎಂದು ಗೊತ್ತಾದ ಹುಡುಗಿ ನಗಬೇಕಿತ್ತು, ಇಲ್ಲವೇ ಅಳಬೇಕಿತ್ತು. ಸಂಘಮಿತ್ರಾ ಎರಡನ್ನೂ ಮಾಡಲಿಲ್ಲ.

“ಇದನ್ನ ಸಮಿತಿ ಮುಂದ ಇಡಬ್ಯಾಡ್ರಿ ಮೇಡಂ,” ಎಂದಳು ಮೆಲ್ಲಗೆ.

“ಯಾಕವ್ವ?”

“ಕಾಪಿ ಮಾಡೀನಿ ಅಂತ ನಾನಾ ಹೇಳ್ತೀನಿ. ಚೇತನಕುಮಾರ ಅವರದು ಏನೂ ತಪ್ಪಿಲ್ಲ, ನಾನಾ ಕದ್ದೀನಿ ಅಂತೀನಿ.”

“ನಿನ್ನ ಎಂ.ಎ. ಹೋಗ್ತದ. ಕಳ್ಳಿ ಅಂತ ಜೀವನಪೂರ್ತಿ ಹೆಸರು ಉಳೀತದ. ಎರಡು ವರ್ಷ ಮುಂಜಾನಿ ಬಸ್ಸಿಗೆ ನಿಂತುಕೊಂಡು ಓಡಾಡೀದಿ, ಅದೆಲ್ಲ ಏನಾತು?”

“ಹೋಗ್ಲಿ ಬಿಡ್ರಿ.”

“ಇದು ತಾರೀಖಿನ ಸಲುವಾಗಿ ಏನು?”

ಹುಡುಗಿ ತಟ್ಟನೆ ತಲೆ ಎತ್ತಿದಳು. ಅವಳ ಬಣ್ಣವೇ ಬದಲಾಗಿತ್ತು. ಒಳಗೆ ಸ್ಟೋವಿನ ಸದ್ದು ಕೇಳುತ್ತಿತ್ತು.

“ಸಾಯಬಮ್ಮ ಇದನ್ನ ಹೆಣದ ಮುಂದ ಹಾಡಿಲ್ಲ,” ಎಂದಳು ಗುರುದೇವಿ, ದನಿ ತಗ್ಗಿಸಿ. “ನಿಮ್ಮವ್ವ ಇನ್ನಾ ಇದ್ದಾಗ ಈ ಹಾಡು ನಿನ್ನ ಕೈಯಾಗಿತ್ತು. ಯಾರು ಹಾಡಿದ್ರು?”

“ಅವ್ವ.”

“ಯಾರ ಸಲುವಾಗಿ?”

“ತನ್ನ ಸಲುವಾಗಿ.”

ಸಂಘಮಿತ್ರಾ ಮೆಣಸಿನಕಾಯಿಯ ಖಾರ ಹತ್ತಿದ ಕೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಹೇಳತೊಡಗಿದಳು. ಕಣ್ಣೀರು ಇಳಿಯುತ್ತಿದ್ದರೂ ಆ ಕೈಯಿಂದ ಒರೆಸಿಕೊಳ್ಳುವಂತಿರಲಿಲ್ಲ.

“ಯಾರೂ ಹಾಡಾಕ ಒಪ್ಪಲಿಲ್ರಿ ಮೇಡಂ. ಓಣಿ ಓಣಿ ತಿರುಗೀನಿ. ಹೆಣ ಇಲ್ದ ಹಾಡ್ಯಾಡಿ ಅಳಬಾರದು, ಯಾರ ಹೆಸರು ಹಿಡಿದು ಅಳ್ತೀವೋ ಅವರನ್ನ ಕರಕೊಂಡು ಹೋಗ್ತದ ಅಂತ ಅಂದ್ರು. ಹೆಣದ ಮುಂದ ಹೋಗಿ ಮೊಬೈಲ್ ಹಿಡಿಯಾಕ ನನಗ ಮನಸ್ಸಾಗಲಿಲ್ಲ. ಅಧ್ಯಾಯ ಖಾಲಿ ಉಳೀತು. ಮನ್ಯಾಗ ಕುಂತು ಅತ್ತೆ.”

“ಆಮ್ಯಾಲ?”

“ಅವ್ವ ನೋಡಿದ್ಲು. ಒಂದಿನ ಮಧ್ಯಾಹ್ನ ಅಪ್ಪ ಶಾಲಿಗೆ ಹೋದ ಮ್ಯಾಲ ಬಾಗಿಲಾ ಹಾಕಿ, ಮೊಬೈಲ್ ಇಡು ಅಂದ್ಲು. ಬ್ಯಾರೆಯವರ ಹೆಸರಿಗೆ ಅತ್ರ ಅವರಿಗೆ ಕೇಡು, ನನ್ನ ಹೆಸರಿಗೆ ನಾನಾ ಅತ್ರ ಯಾರಿಗೇನು ಅಂದ್ಲು. ನಗಕೋತ ಹೇಳಿದ್ಲ್ರಿ. ಕುಂತು ಹಾಡಿದ್ಲು. ನಾನೂ 'ಛಲೋ ಬಂತವ್ವಾ' ಅಂದೆ! ನನಗ ಅಧ್ಯಾಯ ತುಂಬಿತಲ್ಲ ಅಂತ ಖುಷಿ.”

ಅವಳು ಮಡಿಲಿಗೆ ಬಿದ್ದಿದ್ದ ಒಂದು ತೊಟ್ಟನ್ನು ಎತ್ತಿ ಆಚೆಗೆ ಎಸೆದಳು.

“ಅದಾಗಿ ಎರಡು ತಿಂಗಳು ಪೂರಾ ಇರಲಿಲ್ಲ ಅವ್ವ. ನಾನಾ ಹಾಡಿಸಿ ಕಳಿಸಿದ್ನಲ್ರಿ. ನಮ್ಮ ಮನ್ಯಾಗ ಶಕುನ ನಂಬಂಗಿಲ್ಲ. ಸಣ್ಣಾಕಿದ್ದಾಗಿಂದ ಅಪ್ಪ ಅದನ್ನಾ ಕಲಿಸ್ಯಾನ. ಅಪ್ಪನ ಮುಂದ ಹ್ಯಾಂಗ ಹೇಳ್ಲಿ? ನಂಬಬಾರದು ಅಂತ ಗೊತ್ತದ, ಆದ್ರ ಕಣ್ಣು ಮುಚ್ಚಿದ್ರ ಅದಾ ಹಾಡು ಕೇಳ್ತದ.”

“ಹಾಡಿನಿಂದ ಯಾರೂ ಸಾಯಂಗಿಲ್ಲ ತಂಗಿ.”

“ಗೊತ್ತದ್ರಿ,” ಎಂದಳು ಸಂಘಮಿತ್ರಾ. ಆ ಒಂದು ಮಾತಿನಲ್ಲಿ ಸಮಾಧಾನದ ಸುಳಿವೂ ಇರಲಿಲ್ಲ. ಈ ವಯಸ್ಸಿನಲ್ಲಿ ಇಷ್ಟು ಭಾರ ಹೊತ್ತು ಈ ಹುಡುಗಿ ದಿನಾ ಬಂದು ಗ್ರಂಥಾಲಯದ ಕಿಟಕಿ ಪಕ್ಕ ಕೂತು ಟಿಪ್ಪಣಿ ಬರೆಯುತ್ತಿದ್ದಳಲ್ಲ, ತನಗೆ ಒಂದು ದಿನವೂ ತಿಳಿಯಲಿಲ್ಲವಲ್ಲ ಎಂದು ಗುರುದೇವಿ ನೊಂದುಕೊಂಡಳು.

“ಅವ್ವ ಹೋದ ಮ್ಯಾಲ ಚಿಗವ್ವನ ಕೈ ಹಿಡದು ಬೇಡಿಕೊಂಡೆ. ಹೆಣದ ಮುಂದ ನೀ ಹಾಡಿದ್ದು ಅಂತ ಬರೀತೀನಿ, ಹೂಂ ಅನ್ನು ಅಂದೆ. ಹೂಂ ಅಂದಾಳ. ನೀವು ಈ ತಾರೀಖು ತೋರಿಸಿದ್ರ ಅಪ್ಪಗ ಎಲ್ಲಾ ಗೊತ್ತಾಗ್ತದ.”

“ಗೊತ್ತಾದ್ರ ಆಗ್ಲಿ. ಬೈದಾರ, ಅತ್ತಾರ. ನಿನ್ನ ಬಾಳೇವು ಉಳೀತದಲ್ಲ?”

ಸಂಘಮಿತ್ರಾ ಹಳೆಯ ಕಡತವನ್ನು ತನ್ನ ಕಡೆಗೆ ಎಳೆದುಕೊಂಡಳು. ಪುಟ ತಿರುವಿದಳು. ಹುಡುಕುವ ಗೊಡವೆಯೇ ಇಲ್ಲದೆ ಒಂದು ಪುಟಕ್ಕೆ ಬಂದು ನಿಂತಳು, ಅದರ ಮೇಲೆ ಅಂಗೈ ಊರಿದಳು.

ಗ್ರಂಥಪಾಲಕಿಯ ಕಣ್ಣಿಗೆ ಅಷ್ಟು ಸಾಕು. ಓದುಗರು ಪುಟ ತೆರೆಯುವುದನ್ನೇ ನೋಡಿಕೊಂಡು ಬಂದವಳು ಅವಳು. ಪ್ರಬಂಧದಲ್ಲಿ ಅದೇ ಹಾಡಿನ ಪುಟ ತೆಗೆದು ಪಕ್ಕಕ್ಕೆ ಇಟ್ಟುಕೊಂಡಳು. ಪ್ರಬಂಧದಲ್ಲಿ ಹಾಡು ಪುಟದ ನಡುವೆ ಮುಗಿಯುತ್ತಿತ್ತು. ಹಳೆಯ ಕಡತದಲ್ಲಿ ಹುಡುಗಿಯ ಅಂಗೈ ಕೆಳಗೆ ಇನ್ನೂ ಏನೋ ಇತ್ತು. ಒಂದೇ ಆದದ್ದನ್ನೆಲ್ಲ ಯಂತ್ರ ಕೆಂಪು ಬಣ್ಣದಲ್ಲಿ ತೋರಿಸಿತ್ತು. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ್ದು ಅದರ ಲೆಕ್ಕಕ್ಕೇ ಬಂದಿರಲಿಲ್ಲ, ಅವಳ ಲೆಕ್ಕಕ್ಕೂ ಬಂದಿರಲಿಲ್ಲ.

“ಕೈ ತೆಗಿ ಸಂಘಮಿತ್ರಾ.”

“ಬ್ಯಾಡ್ರಿ ಮೇಡಂ.”

“ತೆಗಿಯವ್ವ.”

ಹುಡುಗಿ ಕೈ ತೆಗೆದಳು. ಕಾಗದದ ಮೇಲೆ ಮೆಣಸಿನಕಾಯಿಯ ಕೆಂಪು ಅಂಟಿತ್ತು. ಗುರುದೇವಿ ಓದಿದಳು.

*ಊರ ಮಕ್ಕಳಿಗೆ ಓದ ಕಲಿಸಿದ ಮಾಸ್ತರಾ, ನನ್ನ ಮಾರಿ ಓದಲಿಲ್ಲ,*
*ಹೇಳ್ತೀನಿ ಅಂದ್ರ ಕಿವಿ ಕೊಡಲಿಲ್ಲ, ಕಂಡೀನಿ ಅಂದ್ರ ನಂಬಲಿಲ್ಲ,*
*ಮುಚ್ಚು ಅಂದಿದ್ದೆಲ್ಲೋ ಈ ಬಾಯಿ, ಬಾ ಇವತ್ತ ಮಣ್ಣ ಹಾಕಿ ಮುಚ್ಚೋ.*

ಎರಡನೆಯ ಸಲ ಓದುವ ಧೈರ್ಯ ಗುರುದೇವಿಗೆ ಬರಲಿಲ್ಲ.

“ಇದನ್ನ ನೀನಾ ತೆಗದೇನು?”

“ಹೌದ್ರಿ. ನಾ ಬರದದ್ದೆಲ್ಲ ಅಪ್ಪ ಓದ್ತಾನ. ಇದನ್ನ ಓದಿದ್ರ ಅಂವ ಉಳಿಯಂಗಿಲ್ಲ. ಅವ್ವನ್ನ ಹ್ಯಾಂಗರ ತಡಕೊಂಡಾನ, ಇದನ್ನ ತಡಕೊಳ್ಳಂಗಿಲ್ಲ. ಅದಕ್ಕಾ ಹೇಳೂದು, ನಾ ಕಳ್ಳಿ ಆದ್ರೂ ನಡೀತದ.”

“‘ಕಂಡೀನಿ ಅಂದ್ರ ನಂಬಲಿಲ್ಲ.’ ನಿಮ್ಮವ್ವ ಏನು ಕಂಡಿದ್ಲು?”

“ನಾನೂ ಕೇಳೀನ್ರಿ. ಹಾಡಿನ್ಯಾಗ ಬಂದದ್ದು ಹಾಡಿನ್ಯಾಗಾ ಇರ್ಲಿ ಅಂತ ಅಂದ್ಲು. ಮತ್ತ ಒಲಿ ಮುಂದ ಹೋಗಿ ಕುಂತ್ಲು.”

ಸ್ಟೋವಿನ ಸದ್ದು ನಿಂತು ಎಷ್ಟು ಹೊತ್ತಾಗಿತ್ತೋ ಇಬ್ಬರಿಗೂ ಗೊತ್ತಾಗಿರಲಿಲ್ಲ. ಅಂಬ್ರಪ್ಪ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿದ್ದ ತಟ್ಟೆಯ ಮೇಲೆ ಲೋಟಗಳ ಚಹಾಕ್ಕೆ ಆಗಲೇ ಕೆನೆ ಕಟ್ಟಿತ್ತು.

“ಅಪ್ಪಾ,” ಎಂದು ಸಂಘಮಿತ್ರಾ ಕಡತ ಮುಚ್ಚಲು ಹೋದಳು.

“ಇರ್ಲಿ ಬಿಡು,” ಎಂದ ಅವನು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಮಗಳಿಗೆ ಎದುರಾಗಿ ಕೂತ. “ಕಾಪಿ ಮಾಡೀನಿ ಅಂತ ನೀ ಎಲ್ಲೀನೂ ಹೇಳಂಗಿಲ್ಲ. ನಿಮ್ಮವ್ವನ ಹಾಡು ಇದು. ಕದ್ದದ್ದು ಅಂತ ಯಾಕ ಹೇಳ್ತಿ?”

“ನಿನ್ನ ಸಲುವಾಗಿ ಅಪ್ಪಾ.”

“ನನ್ನ ಸಲುವಾಗಿ ಬ್ಯಾಡ. ಅದು ನನಗ ಗೊತ್ತಿಲ್ಲದ್ದೇನಲ್ಲ.”

ಗುರುದೇವಿ ಅವನ ಮುಖವನ್ನೇ ನೋಡಿದಳು. ಹೆಂಡತಿಯ ಹೆಣದ ಮುಂದೆ ಒಂದು ಹನಿ ಕಣ್ಣೀರನ್ನೂ ಹಾಕಲಿಲ್ಲ ಎಂದು ಊರಿನವರು ಆಡಿಕೊಂಡ ಮನುಷ್ಯ ಇವನು. ಈಗ ಕಣ್ಣೀರು ಗಲ್ಲದಿಂದ ಇಳಿದು ಅಂಗಿಯ ಕಾಲರಿಗೆ ಇಂಗುತ್ತಿತ್ತು, ಅವನು ಅದನ್ನು ಒರೆಸಿಕೊಳ್ಳುತ್ತಲೂ ಇರಲಿಲ್ಲ.

“ಆ ಹಾಡು ಅಲ್ಲಿಗೆ ಮುಗಿಯಂಗಿಲ್ರಿ ಮೇಡಮ್ಮರ,” ಎಂದ. “ಅದರ ಮುಂದ ಇನ್ನೊಂದು ನುಡಿ ಐತಿ.”

ಹಾಡಲು ಬಾರದವನು ಅವನು. ಶಾಲೆಯಲ್ಲಿ ಪಾಠ ಓದಿಸುವ ದನಿಯಲ್ಲೇ, ಒಂದೊಂದು ಸಾಲಿಗೂ ನಿಂತು ಹೇಳಿದ.

*ಒಗ್ಯಾಕ ಬಂದಾಕಿ ಬಟ್ಟಿ ಹಿಂಡಲಿಲ್ಲ, ಗಂಟ ದಂಡಿಗಿ ಕುಂತೈತಿ,*
*ಹಿಂದಿಂದ ಬಂದ ಹೆಜ್ಜಿ ಯಾರದಂತ ಆ ಗಂಟ ಕೇಳೋ ಮಾಸ್ತರಾ,*
*ಹೇಳಿದ್ರ ನಿನಗ ಹೇಳೀತು, ನನಗ ತಿರುಗಾಕ ವ್ಯಾಳ್ಯಾ ಇಲ್ಲೋ.*

ಗುರುದೇವಿ ಮೊದಲು ಪ್ರಬಂಧ ನೋಡಿದಳು, ಆಮೇಲೆ ಹಳೆಯ ಕಡತ ನೋಡಿದಳು. ಎರಡರಲ್ಲೂ ಆ ಮೂರು ಸಾಲು ಇರಲಿಲ್ಲ.

“ಇದು ನನ್ನ ಮೊಬೈಲ್‌ನ್ಯಾಗ ಇಲ್ಲ,” ಎಂದಳು ಸಂಘಮಿತ್ರಾ. “ನನ್ನ ಮುಂದ ಅವ್ವ ಇದನ್ನ ಹಾಡೇ ಇಲ್ಲ.”

“ನಿನ್ನ ಮುಂದ ಹಾಡಿಲ್ಲವ್ವ.”

“ಯಾವಾಗ ಹಾಡಿದ್ರು ಮಾಸ್ತರ?” ಗುರುದೇವಿಯ ದನಿ ಅವಳಿಗೇ ಬೇರೆಯವರದಂತೆ ಕೇಳಿಸಿತು.

ಅಂಬ್ರಪ್ಪ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ಕೂತಿದ್ದ.

“ಅವತ್ತ ಮುಂಜಾನಿ. ಕಾಲುವಿ ದಂಡಿ ಮ್ಯಾಲ.”

“ಅವತ್ತ ಮುಂಜಾನಿ ನೀ ಶಾಲ್ಯಾಗ ಇದ್ದಿ ಅಪ್ಪಾ,” ಎಂದಳು ಮಗಳು. ತಪ್ಪು ಹೇಳಿದ ಮಗುವನ್ನು ತಿದ್ದುವಂತೆ ಮೆತ್ತಗೆ ಹೇಳಿದಳು. “ಸುದ್ದಿ ಹೇಳಾಕ ಶಾಲಿಗೆ ಮಂದಿ ಬಂದಿದ್ರು ಅಂತ ನೀನಾ ಅಂದಿದ್ದಿ. ಪೊಲೀಸರ ಮುಂದೂ ಹಂಗಾ ಬರಿಸೀದಿ.”

“ಬರಿಸೀನಿ.”

“ಮತ್ತ?”

ಹೊರಗೆ ಯಾರೋ ದಾರಿಯಲ್ಲಿ ಹೋಗುತ್ತ ‘ನಮಸ್ಕಾರ್ರೀ ಮಾಸ್ತರ’ ಎಂದರು. ಅಂಬ್ರಪ್ಪ ಅಭ್ಯಾಸಬಲದಿಂದ ಕೈಯೆತ್ತಿದ.

“ಅವತ್ತ ನಾ ಶಾಲಿಗೆ ಹೋಗೇ ಇರಲಿಲ್ಲವ್ವ,” ಎಂದ. “ಆಕಿ ಹಿಂದಿಂದ ಹೋಗಿದ್ದೆ.”

ಸಂಘಮಿತ್ರಾ ಎದ್ದು ಬಂದು ಗುರುದೇವಿಯ ಹಿಂದೆ ನಿಂತಳು.